ದೂರಸಂವೇದನೆಯ ನಕಾಶೆಗಳೂ ಶಿರಾಲಿ–ಕುಮಟೆಯ ಕಾಂಡ್ಲ, ಗಜನಿಗಳೂ: ಒಂದು ವಿಮರ್ಶೆ

ನಕಾಶೆಯನ್ನು ವಿಮರ್ಶಿಸುವ ವಾಡಿಕೆಯು ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಕಾವ್ಯವನ್ನು ವಿಮರ್ಶಿಸುತ್ತೇವೆ, ಶಾಸನದ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ವಾದಿಸುತ್ತೇವೆ, ನಕಾಶೆಯು ಕೈಗೆ ಬಂದರೆ ಮಾತ್ರ ಅದನ್ನು ನಂಬಿ ಮಡಚಿಡುತ್ತೇವೆ. ಆದರೆ ನಕಾಶೆಯೂ ಒಂದು ಬರಹವೇ. ಅದನ್ನು ಬರೆದವನಿಗೆ ಕೆಲವು ಪದಗಳು ಗೊತ್ತಿರುತ್ತವೆ, ಕೆಲವು ಗೊತ್ತಿರುವುದಿಲ್ಲ. ಕೆಲವನ್ನು ಕಂಡಿರುತ್ತಾನೆ, ಕೆಲವನ್ನು ಕಾಣದೆ ಬಿಟ್ಟಿರುತ್ತಾನೆ. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಎಂಬ ಸಂಸ್ಥೆಯು ಉಪಗ್ರಹಚಿತ್ರಗಳ ಆಧಾರದಿಂದ ಸಿದ್ಧಪಡಿಸಿ 2011ರಲ್ಲಿ ಹೊರತಂದ ಭಾರತದ ಜೌಗುಭೂಮಿಗಳ ನಕಾಶಾಸಂಪುಟವನ್ನೂ, 2021ರಲ್ಲಿ ಅದಕ್ಕೆ ಉತ್ತರಭಾಗವೆಂಬಂತೆ ಬಂದ ದಶವಾರ್ಷಿಕ ಸಂಪುಟವನ್ನೂ ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ದೇಶವೆಲ್ಲವನ್ನೂ ಎತ್ತಿಕೊಳ್ಳುವಷ್ಟು ಶಕ್ತಿ ನಮಗಿಲ್ಲ. ಭಟಕಳ ತಾಲೂಕಿನ ಶಿರಾಲಿಯಿಂದ ತೊಡಗಿ ಹೊನ್ನಾವರವನ್ನು ಹಾಯ್ದು ಕುಮಟೆಯವರೆಗಿನ ಮೂರು ಹೊಳೆಗಳ, ಅಂದರೆ ವೆಂಕಟಾಪುರ, ಶರಾವತಿ, ಅಘನಾಶಿನಿಗಳ ಅಳಿವೆಗಳನ್ನು ಮಾತ್ರ ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇವೆ.

ಈ ಪರೀಕ್ಷೆ ಈಗೇಕೆ ಎಂದು ವಾಚಕರು ಕೇಳಬಹುದು. ಮೊದಲನೆಯ ಸಂಪುಟವು 2,01,503 ಜೌಗುಭೂಮಿಗಳ ಎಲ್ಲೆಯನ್ನು ಬರೆದು ತೋರಿಸಿತು. ಅವಕ್ಕೆ ಕಾಯಿದೆಯ ರಕ್ಷಣೆಯ ತತ್ತ್ವಗಳು ಸಲ್ಲತಕ್ಕವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅಂದಿನಿಂದ ಈ ಗ್ರಂಥವು ವಿಜ್ಞಾನದ ಗ್ರಂಥವಾಗಿ ಮಾತ್ರ ಉಳಿಯಲಿಲ್ಲ. ಅದರಲ್ಲಿ ಇದ್ದದ್ದಕ್ಕೆ ರಕ್ಷಣೆಯುಂಟು. ಇಲ್ಲದ್ದು ತನ್ನ ಇರವನ್ನು ತಾನೇ ಸಾಧಿಸಿಕೊಳ್ಳಬೇಕು. ಇಂಥ ಗ್ರಂಥದಲ್ಲಿ ಒಂದು ಲೋಪವಿದ್ದರೆ ಅದು ಪಂಡಿತರ ಚರ್ಚೆಗೆ ಮಾತ್ರ ಸಂಬಂಧಪಟ್ಟ ಲೋಪವಲ್ಲ.

ದೂರಸಂವೇದನೆಯೆಂದರೆ ವಸ್ತುವನ್ನು ಮುಟ್ಟದೆ, ಅದರಿಂದ ಹೊರಟು ಬರುವ ಬೆಳಕನ್ನು ಅಳೆದು, ಅದರ ಗುಣವನ್ನು ಊಹಿಸುವ ವಿದ್ಯೆ. ಭಾರತದಲ್ಲಿ ಅದರ ಮೊದಲ ಪ್ರಯೋಗವು ನಡೆದದ್ದು ನಮ್ಮದೇ ಕರಾವಳಿಯ ದಕ್ಷಿಣದ ತುದಿಯಲ್ಲಿ, ಅದೂ ತೆಂಗಿನ ತೋಟದ ಮೇಲೆ. 1970ರಲ್ಲಿ ಪಿ. ಆರ್. ಪಿಷಾರೊಟಿಯವರು ಕೇರಳದಲ್ಲಿ ಹೆಲಿಕಾಪ್ಟರಿನಿಂದ ಅತಿಕೆಂಪು ಕಿರಣಗಳಿಗೆ ಸ್ಪಂದಿಸುವ ಪಟಲದ ಮೇಲೆ ತೆಂಗಿನ ತೋಟಗಳ ಛಾಯಾಚಿತ್ರಗಳನ್ನು ತೆಗೆದು, ಬೇರಿನ ಸೊರಗುರೋಗ ತಗಲಿದ ಮರಗಳನ್ನು ಗುರುತಿಸಬಹುದೆಂದು ತೋರಿಸಿದರು. ಸಂಗತಿ ಸರಳವಾದದ್ದು. ಆರೋಗ್ಯವಾಗಿರುವ ಎಲೆಯು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಎರಡರ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಸ್ಯಸೂಚ್ಯಂಕ. ನೀರಿಗೆ ಅದು ಸೊನ್ನೆಗಿಂತ ಕೆಳಗೆ, ಬರಿಯ ಕೆಸರಿಗೆ ಸೊನ್ನೆಯ ಸಮೀಪ, ದಟ್ಟವಾದ ಎಲೆಗೆ ಒಂದರ ಕಡೆಗೆ. ಜೌಗಿನಲ್ಲಿ ನೀರು, ಕೆಸರು, ಎಲೆ ಈ ಮೂರೂ ಒಂದೇ ಅಂಗಳದಲ್ಲಿ ಕಲಸಿಕೊಂಡಿರುತ್ತವೆ. ಇಲ್ಲಿಯೇ ತೊಡಕು ಆರಂಭವಾಗುತ್ತದೆ.

ಸಂಪುಟದ ಮೊದಲ ಆವೃತ್ತಿಗೆ ಆಧಾರವಾದದ್ದು 2006–07ರಲ್ಲಿ ರಿಸೋರ್ಸ್‌ಸ್ಯಾಟ್–1 ಉಪಗ್ರಹದ ಲಿಸ್–3 ಕ್ಯಾಮರಾ ಕಂಡ ಚಿತ್ರಗಳು. ಆ ಚಿತ್ರದ ಒಂದು ಕಣವು ನೆಲದ ಮೇಲೆ 23.5 ಮೀಟರು ಚೌಕ. ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಗುಂಟೆ. ಈ ಐದೂವರೆ ಗುಂಟೆಯೊಳಗೆ ಏನೇನಿದ್ದರೂ ಕ್ಯಾಮರಾಕ್ಕೆ ಅದು ಒಂದೇ ಬಣ್ಣ. ನಕಾಶೆಯ ಪ್ರಮಾಣ 1:50,000. ಅದರ ಮೇಲೆ ಮೂರು ಮಿಲಿಮೀಟರು ಚೌಕಕ್ಕಿಂತ, ಎಂದರೆ ನೆಲದ ಮೇಲೆ 2.25 ಹೆಕ್ಟೇರಿಗಿಂತ, ಅಂದರೆ ಐದೂವರೆ ಎಕರೆಗಿಂತ ಚಿಕ್ಕದಾದ ಜೌಗಿಗೆ ಎಲ್ಲೆಯಿಲ್ಲ; ಒಂದು ಚುಕ್ಕೆ ಮಾತ್ರ. ಇಂಥ ಚುಕ್ಕೆಗಳು ಇಡೀ ದೇಶದಲ್ಲಿ 5,55,557. ಎಲ್ಲೆಯಿರುವವುಗಳ ಎರಡೂವರೆ ಪಟ್ಟಿಗೂ ಮಿಗಿಲಾದ ಸಂಖ್ಯೆಯಿದು.

ಈಗ ಶಿರಾಲಿಗೆ ಬರೋಣ. ವೆಂಕಟಾಪುರ ಹೊಳೆಯು ದೊಡ್ಡ ನದಿಯಲ್ಲ. ಘಟ್ಟದ ಬುಡದಿಂದ ಕಡಲಿಗೆ ಇಳಿಯುವ ಇದರ ಓಟ ಚಿಕ್ಕದು, ಅಳಿವೆಯೂ ಇಕ್ಕಟ್ಟಿನದು. ದಂಡೆಯ ಮೇಲೆ ತೆಂಗು. ತೆಂಗಿನ ಬುಡದಿಂದ ನೀರಿನ ಅಂಚಿನವರೆಗೆ ಕಾಂಡ್ಲದ ಗೆರೆ. ಊರುಗೋಲಿನಂಥ ಬೇರುಗಳನ್ನು ಕೆಸರಿಗಿಳಿಸಿದ ರೈಜೋಫೋರ, ಕೆಸರಿನಿಂದ ಉಸಿರುಬೇರುಗಳನ್ನು ಮೇಲಕ್ಕೆತ್ತಿದ ಅವಿಸೆನ್ನಿಯ, ನಡುವೆ ಮುಳ್ಳಿನ ಹೊಳೆಚುಳ್ಳಿ. ಇಂಥ ಗೆರೆಯ ಅಗಲ ಎಷ್ಟೋ ಕಡೆ ಎಂಟು ಹತ್ತು ಮೀಟರನ್ನು ಮೀರುವುದಿಲ್ಲ. ಹತ್ತು ಮೀಟರು ಅಗಲದ ಗೆರೆಯು 1:50,000 ನಕಾಶೆಯ ಮೇಲೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು. ಪೆನ್ಸಿಲಿನ ಮೊನೆಯೇ ಅದಕ್ಕಿಂತ ದಪ್ಪ. ಚಿತ್ರಕಣದಲ್ಲಿ ಅರ್ಧ ತೆಂಗು, ಕಾಲುಪಾಲು ಕಾಂಡ್ಲ, ಉಳಿದದ್ದು ನೀರು. ಆಗ ಯಂತ್ರವು ಬಹುಮತದ ಕಡೆಗೆ ತೀರ್ಪು ಕೊಟ್ಟು ತೋಟವೆಂದೋ ಹೊಳೆಯೆಂದೋ ಬರೆಯುತ್ತದೆ. ಕಾಂಡ್ಲ ಅಲ್ಲಿ ಇಲ್ಲವೆಂದು ಅದು ಹೇಳುವುದಿಲ್ಲ. ಹೇಳುವ ಪ್ರಸಂಗವೇ ಅದಕ್ಕೆ ಒದಗುವುದಿಲ್ಲ.

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಇದಕ್ಕಿಂತ ಸೂಕ್ಷ್ಮವಾಗಿವೆಯೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 2011ರ ಅಧಿಸೂಚನೆಯ ಪ್ರಕಾರ ಕಾಂಡ್ಲವು 1000 ಚದರ ಮೀಟರನ್ನು, ಅಂದರೆ ಸುಮಾರು ಹತ್ತು ಗುಂಟೆಯನ್ನು ಮೀರಿದರೆ ಅದರ ಸುತ್ತ 50 ಮೀಟರು ಕಾಪುಪಟ್ಟಿ ಬೇಕು. 2019ರ ಅಧಿಸೂಚನೆಯು ಖಾಸಗಿ ಜಮೀನಿಗೆ ಈ ಪಟ್ಟಿಯಿಂದ ವಿನಾಯಿತಿ ಕೊಟ್ಟಿತು. ಆ ಕಾನೂನಿಗೆ ಬೇರೆ, ದೊಡ್ಡ ಪ್ರಮಾಣದ ನಕಾಶೆಗಳುಂಟು. ಆದರೂ ಒಂದು ಕಾನೂನು ಹತ್ತು ಗುಂಟೆಯಿಂದ ಎಣಿಸಲು ತೊಡಗುತ್ತದೆ, ಮತ್ತೊಂದರ ನಕಾಶೆಯು ಐದೂವರೆ ಎಕರೆಯಿಂದ. ನಡುವಿನದು ಯಾವ ಕಚೇರಿಯ ಮೇಜಿನ ಮೇಲಿದೆಯೆಂಬುದನ್ನು ಶಿರಾಲಿಯ ರೈತನು ತಾನೇ ಹುಡುಕಿಕೊಳ್ಳಬೇಕಾಗಿದೆ.

ಚಿಕ್ಕದನ್ನು ಕಾಣದಿರುವುದರ ಪರಿಣಾಮವು ಊಹೆಯ ಮಾತಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪ್ರಕಟಿಸುತ್ತ ಬಂದಿರುವ ವರದಿಗಳಲ್ಲಿ ಕಾಂಡ್ಲಕಾಡಿನ ಕೋಷ್ಟಕವೊಂದಿದೆ. ಅದರಲ್ಲಿ 1987, 1989, 1991, 1993 ಈ ನಾಲ್ಕೂ ವರ್ಷ ಕರ್ನಾಟಕದ ಮುಂದೆ ಸೊನ್ನೆ. 1995ರಲ್ಲಿ 2 ಚದರ ಕಿಲೋಮೀಟರು. ಅಲ್ಲಿಂದ ಎರಡು ದಶಕಗಳವರೆಗೆ ಎರಡು ಅಥವಾ ಮೂರು; 2015ರಲ್ಲಿಯೂ 3. ಎರಡೇ ವರ್ಷಗಳ ಮೇಲೆ, 2017ರಲ್ಲಿ, 10. 2021ರಲ್ಲಿ 13.

ಈ ಕೋಷ್ಟಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನ ಕೈಯಲ್ಲಿಟ್ಟರೆ ಕರ್ನಾಟಕದಲ್ಲಿ ಕಾಂಡ್ಲವು ಶೂನ್ಯದಿಂದ ಹುಟ್ಟಿ, ಇಪ್ಪತ್ತು ವರ್ಷ ಮಲಗಿ, ಆಮೇಲೆ ಒಮ್ಮೆಲೆ ಎದ್ದಿತೆಂದು ಬರೆದಾನು. 1987ರಲ್ಲಿ ಅಘನಾಶಿನಿಯ ದಂಡೆಯಲ್ಲಿ ಕಾಂಡ್ಲ ಇರಲಿಲ್ಲವೆಂದು ಹೇಳುವ ಧೈರ್ಯ ಆ ಸೀಮೆಯವರಲ್ಲಿ ಯಾರಿಗೂ ಇರಲಾರದು. ಮೊದಲ ವರದಿಯ ಕಾಲಕ್ಕೆ ಇದ್ದ ಲ್ಯಾಂಡ್‌ಸ್ಯಾಟ್ ಚಿತ್ರದ ಕಣವು 80 ಮೀಟರು ಚೌಕ, ಎಂದರೆ ಒಂದೂವರೆ ಎಕರೆಗೆ ಸ್ವಲ್ಪ ಮೇಲೆ. ನಕಾಶೆಯ ಪ್ರಮಾಣ ಹತ್ತು ಲಕ್ಷಕ್ಕೆ ಒಂದು. ಅದರ ಮೇಲೆ ಒಂದು ಚದರ ಕಿಲೋಮೀಟರು ಒಂದು ಎಳ್ಳಿನಷ್ಟೂ ಆಗುವುದಿಲ್ಲ. ಆ ಎಳ್ಳನ್ನು ಹತ್ತಾರು ಅಳಿವೆಗಳಲ್ಲಿ ಪುಡಿಮಾಡಿ ಚೆಲ್ಲಿದ್ದರೆ ಸೊನ್ನೆಯಲ್ಲದೆ ಮತ್ತೇನು ಬಂದೀತು? ಆ ಸೊನ್ನೆಯು ಕಾಂಡ್ಲದ ವಿಷಯವಾಗಿ ಹೇಳಿದ ಮಾತಲ್ಲ, ಕಣ್ಣಿನ ವಿಷಯವಾಗಿ ಹೇಳಿದ ಮಾತು. ಅರಣ್ಯ ಇಲಾಖೆಯವರು ಈ ಅಳಿವೆಗಳಲ್ಲಿ ಕಾಂಡ್ಲದ ಸಸಿಗಳನ್ನು ನೆಟ್ಟು ಬೆಳೆಸಿರುವುದು ನಿಜ, ಸ್ತುತ್ಯವೂ ಹೌದು. ಮೂರರಿಂದ ಹತ್ತಕ್ಕೇರಿದ ಸಂಖ್ಯೆಯಲ್ಲಿ ಅವರ ಪಾಲೂ ಇದ್ದೇ ಇದೆ. ಆದರೆ ನೆಟ್ಟ ಸಸಿಯು ಆಕಾಶಕ್ಕೆ ಕಾಣುವಷ್ಟು ತಲೆಯೆತ್ತಲು ವರ್ಷಗಳು ಬೇಕು. ಏರಿಕೆಯಲ್ಲಿ ಮರದ ಪಾಲೆಷ್ಟು, ಕನ್ನಡಕದ ಪಾಲೆಷ್ಟು ಎಂಬುದನ್ನು ಸಂಖ್ಯೆಯು ತಾನಾಗಿ ಹೇಳುವುದಿಲ್ಲ. ವರದಿಗಳನ್ನು ಓದುವವರೂ ಕೇಳುವುದಿಲ್ಲ. ಹಿಂದಿನ ಸೊನ್ನೆಯನ್ನು ನಂಬಿದವರೇ 2021ರ ಹದಿಮೂರನ್ನೂ ಅಷ್ಟೇ ಭಕ್ತಿಯಿಂದ ನಂಬುತ್ತಿರುವುದು ನಮಗೆ ಸೋಜಿಗವಾಗಿದೆ.

ಎರಡನೆಯ ದೋಷವು ಗಡಿಯಾರಕ್ಕೆ ಸಂಬಂಧಿಸಿದ್ದು. ಇಂಥ ಉಪಗ್ರಹಗಳು ಸೂರ್ಯನನ್ನು ಅನುಸರಿಸಿ ಸುತ್ತುತ್ತವೆ. ಯಾವ ಊರಿನ ಮೇಲಾದರೂ ಹೆಚ್ಚು ಕಡಮೆ ಒಂದೇ ವೇಳೆಗೆ, ಬೆಳಗಿನ ಹತ್ತೂವರೆಯ ಸುಮಾರಿಗೆ, ಹಾಯುತ್ತವೆ. ಉಬ್ಬರವಿಳಿತವಾದರೋ ಚಂದ್ರನನ್ನು ಅನುಸರಿಸುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಒಂದು ಚಿತ್ರವು ತುಂಬಿದ ಹೊಳೆಯದಾದರೆ ಮುಂದಿನದು ಇಳಿದ ಹೊಳೆಯದು. ಭರತದ ಕಾಲದಲ್ಲಿ ಎಳೆಯ ಕಾಂಡ್ಲವು ಕುತ್ತಿಗೆಯವರೆಗೆ ಮುಳುಗಿರುತ್ತದೆ, ಸೂಚ್ಯಂಕವು ಕುಗ್ಗುತ್ತದೆ. ಇಳಿತದಲ್ಲಿ ಅದೇ ಸಸಿ ಅದೇ ಎಲೆಗಳಿಂದ ಹೆಚ್ಚಿನ ಅಂಕ ಪಡೆಯುತ್ತದೆ. ಇವೆರಡನ್ನು ಪಕ್ಕದಲ್ಲಿಟ್ಟು ಹತ್ತು ವರ್ಷಗಳಲ್ಲಿ ಸಸ್ಯವು ಹೆಚ್ಚಿತೆಂದೋ ತಗ್ಗಿತೆಂದೋ ಬರೆದರೆ ಅದು ಹೊಳೆಯ ಏರಿಳಿತದ ವರ್ಣನೆಯಾದೀತೇ ಹೊರತು ವನದ ಇತಿಹಾಸವಾಗದು. ಪರಿಹಾರವು ದುಬಾರಿಯದಲ್ಲ. ವೇಳೆ ಒಂದೇ ಆಗಿರುವುದರಿಂದ ತಿಥಿಯೂ ಒಂದೇ ಆದರೆ ನೀರಿನ ಮಟ್ಟವೂ ಬಹುಮಟ್ಟಿಗೆ ಒಂದೇ ಸ್ಥಿತಿಯಲ್ಲಿರುತ್ತದೆ. ಅಮಾವಾಸ್ಯೆಯ ಚಿತ್ರವನ್ನು ಅಮಾವಾಸ್ಯೆಯ ಚಿತ್ರದೊಡನೆ, ಅಷ್ಟಮಿಯದನ್ನು ಅಷ್ಟಮಿಯದರೊಡನೆ ಹೋಲಿಸಬೇಕು. ಅಳಿವೆಯಲ್ಲಿ ಬಲೆ ಬೀಸುವವನು ಯಾವ ವಿಜ್ಞಾನವನ್ನೂ ಓದದೆ ತಿಳಿದಿರುವ ಸಂಗತಿಯಿದು. ಪಂಚಾಂಗವನ್ನು ಪ್ರಯೋಗಶಾಲೆಯ ಮೇಜಿನ ಮೇಲಿಡಲು ನಾಚಿಕೆಪಡುವ ಕಾರಣವಿಲ್ಲ.

ಇನ್ನು ಗಜನಿಯ ಮಾತು. ಸಂಪುಟದ ನಿಜವಾದ ಪರೀಕ್ಷೆಯು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಕುಮಟಾ, ಹೊನ್ನಾವರ ಸೀಮೆಯ ಅಳಿವೆಗಳ ಅಂಚಿನಲ್ಲಿ, ಕಟ್ಟೆಯ ಹಿಂದೆ, ಕಡಲಿನ ಮಟ್ಟಕ್ಕೆ ಸಮೀಪವಾಗಿರುವ ತಗ್ಗು ಭೂಮಿಗೆ ಗಜನಿಯೆಂದು ಹೆಸರು. ಜೂನ್ ತಿಂಗಳ ಮಳೆಯು ಅದರ ಉಪ್ಪನ್ನು ತೊಳೆದ ಮೇಲೆ ಕಗ್ಗವೆಂಬ ಬತ್ತವನ್ನು ಬಿತ್ತುತ್ತಾರೆ. ಉಪ್ಪುನೀರನ್ನೂ ನೆರೆಯ ಮುಳುಗಡೆಯನ್ನೂ ತಾಳಿಕೊಳ್ಳುವ ಎತ್ತರದ ತಳಿಯಿದು. ಕುಮಟಾ ತಾಲೂಕಿನ ಮಾಣಿಕಟ್ಟದ ರೈತರು ಇದನ್ನು ಕೈಬಿಡದೆ ಉಳಿಸಿಕೊಂಡು ಬಂದಿದ್ದಾರೆ. ಅಕ್ಟೋಬರ್–ನವೆಂಬರದಲ್ಲಿ ತೆನೆಯನ್ನು ಕೊಯ್ದು ಕೂಳೆಯನ್ನು ನೀರಿಗೆ ಬಿಡುತ್ತಾರೆ. ಕಟ್ಟೆಯ ಹಲಗೆಬಾಗಿಲನ್ನು ತೆರೆದರೆ ಉಬ್ಬರದೊಡನೆ ಉಪ್ಪುನೀರು, ಅದರೊಡನೆ ಸಿಗಡಿಯ ಮರಿಗಳು, ನಮ್ಮ ಕಡೆಯ ಮಾತಿನಲ್ಲಿ ಶೆಟ್ಲಿ, ಒಳಗೆ ಬರುತ್ತವೆ. ಕೊಳೆತ ಕೂಳೆಯ ನಡುವೆ ಬೆಳೆಯುತ್ತವೆ. ಮಳೆಗಾಲಕ್ಕೆ ಅದು ಗದ್ದೆ, ಬೇಸಗೆಗೆ ಮೀನುಹೊಂಡ, ಕಟ್ಟೆಯ ಅಂಚಿನಲ್ಲಿ ಸದಾಕಾಲ ಕಾಂಡ್ಲ.

ಇಂಥ ಭೂಮಿಗೆ ಸಂಪುಟದಲ್ಲಿ ಯಾವ ಹೆಸರು? ಅದರಲ್ಲಿ ಜೌಗುಗಳನ್ನು 19 ವರ್ಗಗಳಾಗಿ ವಿಂಗಡಿಸಿದ್ದಾರೆ. ಕರಾವಳಿಯ ನೈಸರ್ಗಿಕ ವರ್ಗಗಳಲ್ಲಿ ಹಿನ್ನೀರಿನ ಸರೋವರ, ಕೊಲ್ಲಿತೋಡು, ಮರಳದಂಡೆ, ಉಬ್ಬರದ ಕೆಸರುಬಯಲು, ಉಪ್ಪುಜೌಗು, ಕಾಂಡ್ಲ, ಹವಳದ ದಿಬ್ಬ. ಮಾನವನಿರ್ಮಿತ ವರ್ಗಗಳಲ್ಲಿ ಉಪ್ಪಿನಾಗರ ಮತ್ತು ಜಲಕೃಷಿಯ ಹೊಂಡ. ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಮನೆ ಸಿಕ್ಕಿತು, ಗಜನಿಗೆ ಸಿಗಲಿಲ್ಲ. ಸಂಪುಟಕ್ಕೆ ಆರಿಸಿದ ಚಿತ್ರಗಳು ಮಳೆಗಾಲದ ಅನಂತರದವು ಮತ್ತು ಮಳೆಗಾಲದ ಮುಂಚಿನವು, ಎರಡೇ ಋತು. ನಡುವಿನ ನಾಲ್ಕು ತಿಂಗಳು ಮೋಡ. ಬೆಳಕಿನಿಂದ ನೋಡುವ ಕ್ಯಾಮರಾಕ್ಕೆ ಕರಾವಳಿಯೇ ಇರುವುದಿಲ್ಲ. ಕಗ್ಗವು ಹಸುರಾಗಿರುವುದು ಆ ನಾಲ್ಕು ತಿಂಗಳಲ್ಲಿಯೇ. ಹೀಗಾಗಿ ಚಿತ್ರದಲ್ಲಿ ಗಜನಿಯು ಒಮ್ಮೆ ಒಣಗಿದ ಕೂಳೆ, ಮತ್ತೊಮ್ಮೆ ಉಪ್ಪುನೀರು. ಅದನ್ನು ಜಲಕೃಷಿಯ ಹೊಂಡವೆಂದು ಬರೆದರೆ ನಕಾಶೆಯು ಸುಳ್ಳು ಹೇಳಿದಂತಾಗುವುದಿಲ್ಲ. ಅರ್ಧ ವರ್ಷದ ನಿಜವನ್ನು ವರ್ಷದ ನಿಜವೆಂದು ಹೇಳಿದಂತಾಗುತ್ತದೆ. ಗದ್ದೆಯ ಒಡೆಯನಿಗೂ ಶೆಟ್ಲಿಯ ಗುತ್ತಿಗೆದಾರನಿಗೂ ತಂಟೆ ಬಂದಲ್ಲಿ ಈ ಅರ್ಧನಿಜವು ಯಾರ ಪರವಾಗಿ ಸಾಕ್ಷಿ ನುಡಿದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ನಿರ್ವಚನವು ಇದಕ್ಕೆ ಇನ್ನೊಂದು ಗಂಟನ್ನು ಹಾಕಿದೆ. 1971ರ ರಾಮ್ಸಾರ್ ಒಪ್ಪಂದಕ್ಕೆ ಭಾರತವು 1982ರಲ್ಲಿ ಸೇರಿತು; ಆ ಒಪ್ಪಂದದ ವಿಂಗಡಣೆಯಲ್ಲಿ ಬತ್ತದ ಗದ್ದೆಗೆ ಸ್ಥಾನವಿದೆ, 2008ರಲ್ಲಿ ಕೊರಿಯದ ಚಾಂಗ್ವಾನಿನಲ್ಲಿ ಕೂಡಿದ ಸಭೆಯು ಗದ್ದೆಗಳ ಜೀವವೈವಿಧ್ಯಕ್ಕಾಗಿಯೇ ಒಂದು ನಿರ್ಣಯವನ್ನು ಅಂಗೀಕರಿಸಿತು. ನಮ್ಮ ದೇಶದ 2017ರ ಜೌಗುಭೂಮಿ ನಿಯಮಗಳಾದರೋ ನದಿಯ ಪಾತ್ರವನ್ನೂ, ಬತ್ತದ ಗದ್ದೆಯನ್ನೂ, ಜಲಕೃಷಿಗಾಗಿ, ಉಪ್ಪಿಗಾಗಿ, ನೀರಾವರಿಗಾಗಿ ಕಟ್ಟಿದ ರಚನೆಗಳನ್ನೂ ನಿರ್ವಚನದಿಂದ ಹೊರಗಿಡುತ್ತವೆ. ಕರಾವಳಿ ನಿಯಂತ್ರಣ ವಲಯದಲ್ಲಿ ಬೀಳುವ ಜೌಗುಗಳನ್ನು ಆ ಅಧಿಸೂಚನೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಗಜನಿಯು ಮಳೆಗಾಲದಲ್ಲಿ ಗದ್ದೆಯೆಂದು ಹೊರಗೆ. ಬೇಸಗೆಯಲ್ಲಿ ಜಲಕೃಷಿಯೆಂದು ಹೊರಗೆ. ಇದರಲ್ಲೊಂದು ಭಾಷೆಯ ವಿನೋದವೂ ಇದೆ. ನಮ್ಮ ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆ. ತರಿಯೆಂದರೆ ನೀರಿನ ಆಸರೆಯಲ್ಲಿ ಬತ್ತ ಬೆಳೆವ ನೆಲ. ಕನ್ನಡದಲ್ಲಿ ತೇವದ ಭೂಮಿಗೆ ಇರುವ ಕಂದಾಯದ ಹೆಸರೇ ಯಾವುದೋ, ಅದನ್ನೇ ತೇವದ ಭೂಮಿಯ ಕಾನೂನು ತನ್ನ ವ್ಯಾಖ್ಯೆಯಿಂದ ಹೊರಹಾಕಿದೆ. ಅಘನಾಶಿನಿಯ ಅಳಿವೆಯು 2024ರಲ್ಲಿ 4801 ಹೆಕ್ಟೇರು ವಿಸ್ತೀರ್ಣದೊಡನೆ ರಾಮ್ಸಾರ್ ಪಟ್ಟಿಯನ್ನು ಸೇರಿದ್ದು ಸಂತೋಷದ ಸಂಗತಿ. ಶರಾವತಿಗೂ ಶಿರಾಲಿಯ ಹೊಳೆಗೂ ಆ ಗೌರವದ ನೆರಳಿಲ್ಲ.

ಶರಾವತಿಯು ಈ ವಿದ್ಯೆಗೆ ಕಲಿಸುವ ಪಾಠವೇ ಬೇರೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಸಗೆಯಲ್ಲಿ ಕಡಲಿನ ಉಪ್ಪು ಅದರ ಅಳಿವೆಯೊಳಕ್ಕೆ ದೂರ ನುಗ್ಗುತ್ತದೆ, ಬಳಚಿನಂಥ ಚಿಪ್ಪುಜೀವಿಗಳು ಸಮೃದ್ಧವಾಗಿವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದ ಮೇಲೆ ವಿದ್ಯುದಾಗಾರದಿಂದ ಸಿಹಿನೀರು ವರ್ಷವೆಲ್ಲ ಹರಿದುಬರುತ್ತದೆ. ಅಳಿವೆಯ ಉಪ್ಪು ತೆಳುವಾಗಿದೆ. ಸಿಹಿನೀರನ್ನು ಮೆಚ್ಚುವ ಸೊನ್ನರೇಶಿಯದ ಬಗೆಯೊಂದು ಅಲ್ಲಿ ಹುಲುಸಾಗಿ ಬೆಳೆಯುತ್ತದೆ. ಬಳಚು ಮಾತ್ರ ಅಘನಾಶಿನಿಯಂತೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಷ್ ಚಂದ್ರನ್ ಮೊದಲಾದವರು ಉಪಗ್ರಹಚಿತ್ರವನ್ನೂ ದೋಣಿಯ ಪ್ರಯಾಣವನ್ನೂ ಜೊತೆಯಾಗಿಸಿ ಈ ಅಳಿವೆಗಳನ್ನು ಅಭ್ಯಾಸಮಾಡಿದ್ದರಿಂದ ಇಂಥ ವ್ಯತ್ಯಾಸಗಳು ಬೆಳಕಿಗೆ ಬಂದವು. ಆಕಾಶದಿಂದ ನೋಡಿದರೆ ಎರಡೂ ಹಸುರೇ. ಸೂಚ್ಯಂಕವು ಶರಾವತಿಯ ಹಸುರಿಗೆ ಒಳ್ಳೆಯ ಅಂಕವನ್ನೇ ಕೊಟ್ಟೀತು. ಬುಟ್ಟಿ ಹಿಡಿದು ಇಳಿತಕ್ಕೆ ಕಾಯುವ ಹೆಂಗಸಿಗೆ ಅದರಿಂದ ಆದ ಲಾಭವೇನು?

ದೋಷಗಳನ್ನೇ ಹೇಳುತ್ತ ಬಂದೆವು, ಗುಣವನ್ನು ಮರೆತವರಲ್ಲ. ದೇಶವೆಲ್ಲಕ್ಕೂ ಒಂದೇ ಅಳತೆಯಲ್ಲಿ, ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಮಾಡಿದ ಇಂಥ ಎಣಿಕೆಯು ಹಿಂದೆ ಇರಲಿಲ್ಲ; ಅದಿಲ್ಲದಿದ್ದರೆ ಈ ವಿಮರ್ಶೆಗೂ ನೆಲೆಯಿರುತ್ತಿರಲಿಲ್ಲ. ಉಪಕರಣಗಳೂ ಸುಧಾರಿಸಿವೆ. 2015ರಿಂದ ಸುತ್ತುತ್ತಿರುವ ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಕಣವು 10 ಮೀಟರು ಚೌಕ, ಎಂದರೆ ಬಹುಮಟ್ಟಿಗೆ ಸರಿಯಾಗಿ ಒಂದು ಗುಂಟೆ. ಶಿರಾಲಿಯ ಗೆರೆಯು ಈಗ ಅಂಚಿನಲ್ಲಾದರೂ ಕಾಣಬೇಕು. ಮೋಡಕ್ಕೆ ಮದ್ದು ರಾಡಾರ್. ಬೆಳಕಿನ ಬದಲು ತನ್ನದೇ ಅಲೆಯನ್ನು ಕಳುಹಿಸಿ ಪ್ರತಿಧ್ವನಿಯನ್ನು ಕೇಳುವ ಈ ಉಪಕರಣಕ್ಕೆ ಆಷಾಢವೂ ಒಂದೇ, ವೈಶಾಖವೂ ಒಂದೇ. ನಾಟಿಗದ್ದೆಯ ನಿಂತ ನೀರಿನಿಂದ ಪೈರು ಮೇಲಕ್ಕೇಳುವ ಕ್ರಮವನ್ನು ಅದು ವಾರವಾರವೂ ಗುರುತಿಸಬಲ್ಲದು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತ–ಅಮೆರಿಕಗಳ ನೈಸಾರ್ ಉಪಗ್ರಹದ ಉದ್ದನೆಯ ಅಲೆಯು, ಸುಮಾರು 24 ಸೆಂಟಿಮೀಟರಿನದು, ಎಲೆಗಳ ಚಪ್ಪರವನ್ನು ತೂರಿ ಕಾಂಡ್ಲದ ಬುಡದಲ್ಲಿ ನೀರಿದೆಯೋ ಇಲ್ಲವೋ ಎಂಬುದನ್ನು ಕೂಡ ಹೇಳಬಲ್ಲದು. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಗಜನಿಯ ಎರಡು ಜನ್ಮಗಳನ್ನು ಒಂದೇ ಕೋಷ್ಟಕದಲ್ಲಿ ಬರೆಯಲು ಇನ್ನು ಯಂತ್ರದ ನೆಪವಿಲ್ಲ. ಆದರೂ ರಾಡಾರ್ ಕಾಣುವುದು ಬತ್ತವನ್ನು. ಅದು ಕಗ್ಗವೋ ಅಲ್ಲವೋ ಎಂಬುದನ್ನು ಮಾಣಿಕಟ್ಟದವರನ್ನೇ ಕೇಳಬೇಕು.

ಕೇಳುವ ಸಂದರ್ಭವೂ ಒದಗಿದೆ. 2021ರ ಸಂಪುಟವು ತೋರಿಸಿದ 2,31,195 ಜೌಗುಗಳನ್ನು ನೆಲದ ಮೇಲೆ ನಿಂತು ಪರೀಕ್ಷಿಸಿ ಎಲ್ಲೆ ಗುರುತಿಸಬೇಕೆಂದು 2024ರ ಡಿಸೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಮೂರು ತಿಂಗಳ ಅವಧಿ ಕೊಟ್ಟಿತು. ನ್ಯಾಯಾಲಯದ ಉದ್ದೇಶವನ್ನು ಮೆಚ್ಚಬೇಕು. ಅವಧಿಯ ಬಗ್ಗೆ ಒಂದು ಮಾತು ಹೇಳಬೇಕು. ಡಿಸೆಂಬರದಿಂದ ಮಾರ್ಚಿಯವರೆಗೆ ಗಜನಿಗೆ ಹೋದವನು ಉಪ್ಪುನೀರನ್ನೇ ಕಾಣುತ್ತಾನೆ. ಉಪಗ್ರಹವು ಮೇಲಿನಿಂದ ಬರೆದ ಅರ್ಧನಿಜಕ್ಕೆ ಆತನು ಕೆಳಗಿನಿಂದ ರುಜು ಹಾಕಿ ಬರುತ್ತಾನೆ. ಸ್ಥಳಪರೀಕ್ಷೆಯೆಂಬುದು ಒಂದು ಸಲ ಹೋಗಿ ಬರುವ ಕೆಲಸವಾದರೆ ಭಾದ್ರಪದದಲ್ಲಿ ಹೋಗಬೇಕು, ಕಗ್ಗವು ಹೊಡೆಗೆ ಬರುವ ಹೊತ್ತಿಗೆ; ಎರಡು ಸಲವಾದರೆ ಎರಡನೆಯದು ಮಾಘದಲ್ಲಿ. ಶಿರಾಲಿಯ ಹೊಳೆಗೆ ಹೋಗುವವರು ಅಷ್ಟಮಿಯ ಸುಮಾರಿನ ಸಣ್ಣ ಉಬ್ಬರದ ದಿನಗಳನ್ನು ಬಿಟ್ಟು ಅಮಾವಾಸ್ಯೆಯ ದೊಡ್ಡ ಇಳಿತವನ್ನು ಆರಿಸಿಕೊಳ್ಳಲಿ. ಅಂದು ಕಾಂಡ್ಲದ ಗೆರೆಯ ಕೊನೆಯ ಬೇರಿನವರೆಗೂ ಕೆಸರಿನಲ್ಲಿ ನಡೆದು ಅಳತೆಪಟ್ಟಿಯನ್ನು ಹಿಡಿಯಬಹುದು.